ಮೂರ್ತಿ ಅಂಕಲ್ ಕೊಟ್ಟ ಒಂದು ನೇರ ಉತ್ತರ

"ಸಾರಿಗೆ ಉಪ್ಪು ಸಾಕಾ?" ಎಂದು ಜಯಾ ಆಂಟಿ ಕೇಳಿದರೆ, ಅವರ ಗಂಡ ಮೂರ್ತಿ ಅಂಕಲ್ ಮತ್ತೊಮ್ಮೆ ರುಚಿ ನೋಡಿ, ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಡೇಟಾ ಬರ್ಲಿ" ಅನ್ನುತ್ತಿದ್ದರು. ಅಷ್ಟರಲ್ಲಿ ಸಾರು ಆರಿಹೋಗುತ್ತಿತ್ತು.

ವಾಷಿಂಗ್ಟನ್ನಿನ ಕೇಂದ್ರ ಬ್ಯಾಂಕಿನಲ್ಲಿ ಅರ್ಧ ಆಯುಷ್ಯ ಸವೆಸಿ ಕಲಿತ ವಿದ್ಯೆ ಅದು. ಅಲ್ಲಿ ಬಡ್ಡಿದರದ ಸಭೆ ಹತ್ತಿರ ಬಂದರೆ ಹೊರಗಿನವರೆದುರು ಆರ್ಥಿಕತೆಯ ಬಗ್ಗೆ ಬಾಯಿ ಬಿಡುವಂತಿಲ್ಲ. ಅಂಕಲ್ ಅದನ್ನು ವ್ರತದಂತೆ ಆಚರಿಸುತ್ತಿದ್ದರು. ಆ ದಿನಗಳಲ್ಲಿ ವಾಷಿಂಗ್ಟನ್ ಪಕ್ಕದ ಕೊಲಂಬಿಯಾ ಊರಿನ ಮನೆಯಲ್ಲಿ ಆಂಟಿ ಟೊಮೆಟೊ ತುಟ್ಟಿಯಾಯಿತೆಂದು ಗೊಣಗಿದರೂ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರಂತೆ.

ಕೋವಿಡ್ ಬಂದ ಮರುವರ್ಷ ದೂರದ ದಕ್ಷಿಣದಲ್ಲಿರುವ ಬ್ಯಾಲಂಟೈನ್ ಬಡಾವಣೆಯ ನಮ್ಮ ಕಂಪನಿ ಅವರನ್ನು ಪ್ರಧಾನ ಅರ್ಥಶಾಸ್ತ್ರಜ್ಞರೆಂದು ಕರೆತಂದು ಮೇಲಧಿಕಾರಿಗಳ ಸಾಲಿನಲ್ಲಿ ಕೂರಿಸಿತು. ನಾನು ಕೆಳಗಿನ ಮಹಡಿಯಲ್ಲಿ ಕೋಡ್ ಬರೆಯುವವನು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಅಂಕಲ್ ಹೋಳಿಗೆ ಕೈಯಲ್ಲಿ ಹಿಡಿದು, "ಈ ಬೆಲೆಯೇರಿಕೆ ಟೆಂಪರರಿ ಕಣಯ್ಯಾ" ಎಂದು ಭವಿಷ್ಯ ನುಡಿದರು. ಬೆಲೆಗಳಿಗೆ ಆ ವಿಷಯ ಯಾರೂ ತಿಳಿಸಲಿಲ್ಲವೆಂದು ಕಾಣುತ್ತದೆ. ಮರುವರ್ಷವೂ ಅದನ್ನೇ ಅಂದರು. ಅಷ್ಟರಲ್ಲಿ ಸಂಘ ಹೋಳಿಗೆಯನ್ನು ತಲೆಗೊಂದಕ್ಕೆ ಇಳಿಸಿತ್ತು. ಅಂಕಲ್‌ಗೆ ಬಡ್ತಿ ಬಂತು.

ಇಂಥವರ ಸಲಹೆ ಕೇಳಲು ಹೋದ ಜಾಣ ನಾನು. ಪಕ್ಕದ ಊರು ಫೋರ್ಟ್ ಮಿಲ್‌ನಲ್ಲಿ ಒಂದು ಮನೆ ನನಗೂ ಹೆಂಡತಿಗೂ ಒಪ್ಪಿಗೆಯಾಗಿತ್ತು, ಸಹಿಯೊಂದೇ ಬಾಕಿ. ವೀಸಾದ ಮೇಲಿರುವವನಿಗೆ ಕೆಲಸ ಹೋದರೆ ದೇಶ ಬಿಡುವ ಗತಿ, ಸಾಲ ಮಾತ್ರ ಬಿಡುವುದಿಲ್ಲ.

"ಬಡ್ಡಿ ಇಳಿಯೋವರ್ಗೂ ವೇಯ್ಟ್ ಮಾಡ್ಲಾ ಅಂಕಲ್?" ಎಂದು ಅವರ ಮನೆಯ ಗರಾಜಿನಲ್ಲಿ ಕೇಳಿ, ಉದ್ದನೆಯ ಉಪನ್ಯಾಸಕ್ಕೆ ಮೈಯೊಡ್ಡಿ ನಿಂತೆ.

ಅಂಕಲ್ ಗರಾಜಿನ ಬಾಗಿಲು ಕೆಳಗಿಳಿಸಿದರು. "ಸೈನ್ ಮಾಡ್ಬೇಡ."

"ಅಂದ್ರೆ, ಬಡ್ಡಿ..."

"ಬಡ್ಡಿ ಮಾತಲ್ಲ. ಬೇಡ ಅಂದ್ನಲ್ಲ, ಹೋಗು."

ಅವರ ಮುಖ ನೋಡಿ ನನಗೆ ಭಯವಾಯಿತು. ಮನೆ ಕೈಬಿಟ್ಟೆವು.

ಮುಂದಿನ ವಾರವೇ ನಮ್ಮ ಇಡೀ ಟೀಮನ್ನು ಕೆಲಸದಿಂದ ತೆಗೆದರು. ಆ ನಿರ್ಧಾರವಾದ ಸಭೆಯಲ್ಲಿ ಅಂಕಲ್ಲೂ ಕೂತಿದ್ದರೆಂದು ಆಮೇಲೆ ತಿಳಿಯಿತು. ವೀಸಾ ಗಡುವು ಮುಗಿಯುವ ಮುಂಚೆ ಹೇಗೋ ಅಟ್ಲಾಂಟಾದಲ್ಲಿ ನನಗೆ ಕೆಲಸ ಸಿಕ್ಕಿತು.

ಹೊರಡುವ ಮುಂಚೆ ಅವರ ಮನೆಗೆ ಹೋದೆ. ಅವರೂ ರಾಜೀನಾಮೆ ಕೊಟ್ಟು ಕೊಲಂಬಿಯಾಕ್ಕೆ ವಾಪಸು ಹೊರಟಿದ್ದರು.

"ನೀವು ಹೇಳ್ದೇ ಇದ್ದಿದ್ರೆ ನಾವು ಮುಳುಗಿಹೋಗ್ತಿದ್ವಿ ಅಂಕಲ್" ಎಂದೆ.

ಅವರು ಡಬ್ಬಕ್ಕೆ ಟೇಪು ಅಂಟಿಸುವುದನ್ನು ನಿಲ್ಲಿಸಿದರು. "ಆ ಮೀಟಿಂಗ್ ಆದ್ಮೇಲೆ, ನಿನಗಿಂತ ಮುಂಚೆ, ನಿಮ್ಮ ಟೀಮಿನ ರಮ್ಯಾ ಬಂದಿದ್ಲು ಕಣೋ. ಅವಳದೂ ಇದೇ ಪ್ರಶ್ನೆ. ಅವಳಿಗೆ ಲೆಕ್ಚರ್ ಕೊಟ್ಟು ಕಳಿಸ್ದೆ."

ರಮ್ಯಾ ಸಹಿ ಮಾಡಿದ್ದಳು.