ಮೂರು ಗಂಟೆಯ ಮೇಲಿನ ನೀರು

ಪ್ರಶ್ನೆ ಕೇಳುವುದರಲ್ಲಿ ನಾನು ಗಟ್ಟಿಗ ಎಂಬ ಭ್ರಮೆ ಬಹಳ ವರ್ಷ ನನಗಿತ್ತು. ಹಾಸನದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು ನಾನು. ಉತ್ತರ ಗೊತ್ತಿಲ್ಲದಿದ್ದರೂ ಪ್ರಶ್ನೆ ಕೇಳುವುದೇ ಕಸುಬು. ತೊಂಬತ್ತರ ದಶಕದ ಕೊನೆಯಲ್ಲಿ ವೃದ್ಧರ ಆರೈಕೆಯ ಬಗ್ಗೆ ಅಧ್ಯಯನಕ್ಕೆ ಹೊರಟಾಗ ನಲವತ್ತು ಪ್ರಶ್ನೆಗಳ ಪಟ್ಟಿ ಬರೆದು, ನಾನೇ ಓದಿ, ನಾನೇ ಮೆಚ್ಚಿಕೊಂಡೆ. ಮೊದಲು ಅಮ್ಮನ ಮೇಲೆ ಪ್ರಯೋಗಿಸಿದೆ. "ನಿನ್ನಂಥ ಮಗ ಯಾರಿಗಿದ್ದಾನೋ" ಎಂದಳು. 'ತೃಪ್ತಿಕರ' ಎಂದು ಗುರುತು ಹಾಕಿದೆ.

ಹರದನಹಳ್ಳಿ ಕಡೆ ಹೋದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಚೆನ್ನಾಗ್ ನೋಡ್ಕತಾರೆ ಸಾ." ಇನ್ನೇನು ಹೇಳಿಯಾರು ಪಾಪ, ಸೊಸೆ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು! ನಾನು ಕಾಫಿ ಕುಡಿದು, 'ತೃಪ್ತಿಕರ' ಎಂದು ಬರೆದುಕೊಂಡು ಬರುತ್ತಿದ್ದೆ.

ಅಲ್ಲಿ ಸಿಕ್ಕವರು ನಿಂಗಮ್ಮ. ಹೊಲದ ಕೆಲಸದ ಜೊತೆಗೆ, ಹಾಸಿಗೆ ಹಿಡಿದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡಿದ್ದವರು. ನನ್ನ ಪಟ್ಟಿಯನ್ನು ಓದಿಸಿ ಕೇಳಿದರು.

"ಸೊಸೆ ಎದುರ್ಗೇ ಸೊಸೆ ಎಂಗವ್ಳೆ ಅಂದ್ರೆ ಯಾರ್ ಸಾ ಏಳ್ತಾರೆ? ಮಧ್ಯಾನದ್ ಮೇಲೆ ನೀರ್ ಕುಡೀತೀಯಾ ಅಂತ ಕೇಳಿ. ನೀರ್ ಕುಡುದ್ರೆ ಒಂದಕ್ಕೋಗ್ಬೇಕು, ಅದ್ಕೆ ಯಾರಾನಾ ಕೈ ಹಿಡೀಬೇಕು. ಕರೆಯಕ್ಕೆ ಅಂಜ್ಕೊಂಡು ನೀರೇ ಬಿಟ್ಬುಡ್ತಾರೆ. ನಮ್ಮತ್ತೆ ಅಂಗೇ ಮಾಡ್ತಿತ್ತು. ಎಲ್ಡು ವರ್ಸ ನಂಗೇ ತಿಳೀನಿಲ್ಲ" ಎಂದರು. ಕೊನೆಯ ಮಾತಿಗೆ ಅವರ ದನಿ ಸಣ್ಣಗಾಯಿತು.

ಅವತ್ತೇ ಅವರನ್ನು ತಂಡಕ್ಕೆ ಸೇರಿಸಿಕೊಂಡೆ. ಅವರು ಪಟ್ಟಿ ಮುಟ್ಟಲಿಲ್ಲ. ಮೇಷ್ಟ್ರಿಗೆ ಕಾಫಿ ಬೇಕೆಂದು ಸೊಸೆಯನ್ನು ಒಳಗೆ ಕಳಿಸಿ, ಅಜ್ಜಿಯ ತಲೆ ಬಾಚುತ್ತಾ ಅದೊಂದೇ ಪ್ರಶ್ನೆ ಕೇಳುತ್ತಿದ್ದರು. ಅಜ್ಜಿಯರು ಬಾಯಿಬಿಟ್ಟರು. ನನ್ನ 'ತೃಪ್ತಿಕರ'ಗಳು ಒಂದೊಂದಾಗಿ ಉದುರಿದವು. ನನ್ನ ಪಾಲಿಗೆ ಬಂದದ್ದು ದಿನಕ್ಕೆ ಏಳೆಂಟು ಲೋಟ ಕಾಫಿ, ರಾತ್ರಿಯೆಲ್ಲ ಎದೆಯುರಿ.

ಒಂದು ಸಂಜೆ ಮನೆಗೆ ಬಂದು ತಮಾಷೆಗೆಂದು ಅಮ್ಮನಿಗೂ ಅದನ್ನೇ ಕೇಳಿದೆ.

"ಮೂರು ಗಂಟೆ ಮೇಲೆ ಕುಡಿಯಲ್ಲ ಕಣೋ. ನೀನು ಏನೋ ಬರೀತಾ ಕೂತಿರ್ತೀಯ, ಎಬ್ಬಿಸೋದ್ಯಾಕೆ ಅಂತ."

ನಾನು ಬರೆಯುತ್ತಿದ್ದದ್ದು ವೃದ್ಧರ ಆರೈಕೆಯ ವರದಿ! ಒಳಗೆ ಹೋಗಿ ಒಂದು ಲೋಟ ನೀರು ತಂದು, ಅವಳು ಕುಡಿದು ಮುಗಿಸುವವರೆಗೆ ಎದುರಿಗೇ ಕೂತೆ.

ವರದಿಗೆ ನಿಂಗಮ್ಮನವರ ಹೆಸರನ್ನೇ ಮೊದಲು ಹಾಕಿದೆ. ಆಕೆಯ ವಿದ್ಯಾರ್ಹತೆ ಏನೆಂದು ಹಿರಿಯ ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿದರು. ಮನೆಗೆ ಬಂದು ಅವರಿಗೆ ಉತ್ತರವಾಗಿ 'ಒಂಬತ್ತು ವರ್ಷ ಅತ್ತೆಯ ಆರೈಕೆ' ಎಂದು ಬರೆಯತೊಡಗಿದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮ, "ಲೋ, ಬಾರೋ ಇಲ್ಲಿ, ಕೈ ಕೊಡು" ಎಂದು ಜೋರಾಗಿ ಕೂಗಿದಳು. ಸಂಜೆ ಆರು ಗಂಟೆ. ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆ ಕೂಗನ್ನು ನನ್ನ ಮನೆಗೆ ತಂದುಕೊಟ್ಟವರು ನಿಂಗಮ್ಮ.