ನೀಲಿ ಚುಕ್ಕಿಯ ನಂಜಕ್ಕ

ರಜಾಯಿಗೆ ಹೂವು ಹೊಲಿಯಲು ಕೂತರೆ ನಂಜಕ್ಕ ಮಿಷನ್ನಿನ ಕಾಲನ್ನು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಬಟ್ಟೆಯನ್ನು ಒತ್ತಿ ಹಿಡಿಯುವ ಆ ಪುಟ್ಟ ಕಬ್ಬಿಣದ ತುಂಡು ತುಟಿಗಳ ನಡುವೆ ಇಣುಕುತ್ತಿರುವಷ್ಟು ಹೊತ್ತು ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. "ಬಾಯಿ ಆಡಿದ್ರೆ ಕೈ ತಪ್ಪುತ್ತೆ ಕಣೇ. ಅದಕ್ಕೇ ಬಾಯಿಗೆ ಬೀಗ" ಎನ್ನುತ್ತಿದ್ದರು. ಕಾಲು ತೆಗೆದ ಮಿಷನ್ನಿನಲ್ಲಿ ಬಟ್ಟೆ ತಾನಾಗಿ ಮುಂದೆ ಸರಿಯುವುದಿಲ್ಲ. ಬಟ್ಟೆಯನ್ನು ಮುಂದೆಳೆಯುವ ಮಿಷನ್ನಿನ ಹಲ್ಲಿಗೆ ತಗಡು ಮುಚ್ಚಿ, ಕೆಳಗೆ ಪೆಡಲು ತುಳಿಯುತ್ತ, ಎರಡೂ ಅಂಗೈಗಳಿಂದ ಬಟ್ಟೆಯನ್ನು ಹೂವಿನ ಗೆರೆ ಹೋದಂತೆ ತಿರುಗಿಸಬೇಕು. ಬೆರಳಿಗೂ ಸೂಜಿಗೂ ನಡುವೆ ಅಡ್ಡ ಏನೂ ಇರುವುದಿಲ್ಲ.

ನಾನೋ ಹುಟ್ಟಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ ಮೇಷ್ಟ್ರ ಹೆಂಡತಿಯಾಗಿ ಫ್ರೇಸರ್‌ಪೇಟೆಗೆ ಬಂದೆ. ಹೊಳೆ ದಾಟಿದರೆ ಮೈಸೂರು ರಾಜ್ಯ. ಗೋಡೆಯಾಚೆಯ ಮನೆಯೇ ನಂಜಕ್ಕನದು. ಅರಕಲಗೂಡಿನ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹತ್ತಿ ತುಂಬಿದ ಅವರ ರಜಾಯಿಗಳನ್ನು ಬಾಣಂತಿಯರಿಗೆಂದು ಸುಂಟಿಕೊಪ್ಪದ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರ್‌ಗಳ ಮನೆಯವರೂ ಹೇಳಿ ಮಾಡಿಸುತ್ತಿದ್ದರು. ಹೊತ್ತು ಕಳೆಯಲೆಂದು ಹೋದವಳು ನಾನು ಅವರ ಶಿಷ್ಯೆಯಾದೆ.

ಮೊದಲು ಕಲಿಸಿದ್ದು ಹೊಲಿಗೆಯನ್ನಲ್ಲ, ಹೂವನ್ನು ಬಟ್ಟೆಗೆ ಇಳಿಸುವುದನ್ನು. ತೆಳು ಕಾಗದದ ಮೇಲೆ ಕಾಫಿ ಹೂವಿನ ಗೊಂಚಲು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಬೇಕು. ಕಾಗದವನ್ನು ಬಟ್ಟೆಯ ಮೇಲೆ ಅಲುಗದಂತೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಬಟ್ಟೆಯುಂಡೆಯಿಂದ ಉಜ್ಜಬೇಕು. ಕಾಗದ ಎತ್ತಿದರೆ ಕೆಳಗೆ ನೀಲಿ ಚುಕ್ಕಿಗಳ ಹೂವು. ನನ್ನ ಮೊದಲ ಹೂವು ಎಣ್ಣೆ ಹೆಚ್ಚಾಗಿ ಹರಡಿಕೊಂಡಾಗ ನಂಜಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು, "ಇದು ಕಾಫಿ ಹೂವಲ್ಲ, ಹೂಕೋಸು. ಮನೇಗೆ ತಗಂಡೋಗಿ ಪಲ್ಯ ಮಾಡು" ಎಂದಿದ್ದರು.

ಅಷ್ಟು ಹತ್ತಿರ ಹಿಡಿದದ್ದು ತಮಾಷೆಗೆಂದೇ ನಾನು ತಿಳಿದಿದ್ದೆ. ಬರಬರುತ್ತ, "ನೀಲಿ ಸರಿಯಾಗಿ ಬಿದ್ದಿದೆಯೇನೇ?" ಎಂದು ಪ್ರತಿ ಸಲ ನನ್ನನ್ನೇ ಕೇಳತೊಡಗಿದರು. ಆಮೇಲೆ ಚುಕ್ಕಿಗಳ ಮೇಲೆ ದಪ್ಪ ದಾರದಿಂದ ಸಡಿಲವಾಗಿ ಹೊಲಿಗೆ ಹಾಕಿಕೊಡು ಎಂದರು. ಒಂದು ದಿನ ನೋಡುತ್ತೇನೆ, ನಂಜಕ್ಕನ ಕಣ್ಣು ಸೂಜಿಯ ಮೇಲಿಲ್ಲ, ಎದುರಿನ ಗೋಡೆಯ ಮೇಲಿದೆ. ತೋರುಬೆರಳು ನನ್ನ ದಪ್ಪ ದಾರವನ್ನು ತಡವುತ್ತ ಮುಂದೆ ಹೋಗುತ್ತಿದೆ, ಅದರ ಹಿಂದೆಯೇ ಸೂಜಿ ಟಕಟಕ ಎಂದು ಇಳಿಯುತ್ತಿದೆ. ಹೆದರಿ ಅವರ ಮಣಿಕಟ್ಟು ಹಿಡಿದುಬಿಟ್ಟೆ.

"ಕಣ್ಣಿಗೆ ಪೊರೆ ಕಣೇ" ಎಂದರು, ಕಾಲನ್ನು ಬಾಯಿಂದ ತೆಗೆದು. "ಯಾರ ಹತ್ರಾನೂ ಅನ್ಬೇಡ."

ಮಡಿಕೇರಿಯ ಆಸ್ಪತ್ರೆಗೆ ಹೋಗೋಣವೆಂದು ಗೋಗರೆದೆ. "ಈಗ ಮಂಜಾದ್ರೂ ಕಾಣುತ್ತೆ. ಕುಯ್ಸಿಕೊಂಡು ಅದೂ ಹೋದ್ರೆ?" ಎಂದರು. ಮಿಷನ್ ಅವರದಲ್ಲ, ಮೈದುನ ಕಾಳೇಗೌಡರದು. ಅತ್ತಿಗೆಗೆ ದುಡಿಯಲು ಆಗುವವರೆಗೆ ಇಲ್ಲಿರಲಿ, ಆಗದಿದ್ದರೆ ಮಿಷನ್ ಸಮೇತ ಅರಕಲಗೂಡಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಅಂದಿನಿಂದ ಪಕ್ಕದ ಮನೆಯಲ್ಲಿ ಮಿಷನ್ ಸದ್ದು ಕೇಳಿದರೆ ನನಗೆ ಭಯ, ಸದ್ದು ಥಟ್ಟನೆ ನಿಂತರೆ ಇನ್ನೂ ಭಯ. ಒಲೆಯ ಮೇಲಿನ ಸಾರು ಬಿಟ್ಟು ಓಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ನಂಜಕ್ಕನ ಮನೆಯಲ್ಲಿದ್ದಾಗ ಕಾಳೇಗೌಡರು ಬಂದರು. ಜಗಲಿಯಲ್ಲಿ ಕೂತು ನೀರು ಕುಡಿದು, "ಅತ್ಗೆ, ನಿಮ್ಗೆ ಕಣ್ಣು ಮಂಜಾಗಿದೆ ಅಂತ ಯಾರೋ ಅಂದ್ರು. ನಿಜಾನಾ?" ಎಂದರು.

"ಅನ್ನೋರು ಏನು ಬೇಕಾದ್ರೂ ಅಂತಾರೆ ಕಾಳಪ್ಪ."

"ಹಂಗಾದ್ರೆ ಒಂದು ಹೂವು ಹೊಲೀರಿ. ನೋಡ್ಕಂಡು ಹೋಯ್ತೀನಿ."

ಮಿಷನ್ ಮೇಲಿದ್ದ ರಜಾಯಿಗೆ ನಾನು ಹಿಂದಿನ ಸಂಜೆಯಷ್ಟೇ ನೀಲಿ ಇಳಿಸಿದ್ದೆ. ದಪ್ಪ ದಾರ ಇನ್ನೂ ಹಾಕಿರಲಿಲ್ಲ. ನಂಜಕ್ಕ ಕಾಲನ್ನು ಬಿಚ್ಚಿ ಕಚ್ಚಿಕೊಂಡು ಕೂತರು. ಅವರ ಬೆರಳು ಬಟ್ಟೆಯ ಮೇಲೆ ಇಲ್ಲದ ದಾರವನ್ನು ಹುಡುಕತೊಡಗಿತು.

"ಅಕ್ಕ, ರಜಾಯಿ ಭಾರಕ್ಕೆ ಜಾರ್ತಿದೆ. ನಾನು ಹಿಡ್ಕೋತೀನಿ, ನೀವು ತುಳೀರಿ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ.

ಎದುರು ನಿಂತು ಬಟ್ಟೆಯ ಮೇಲೆ ಎರಡೂ ಕೈ ಊರಿದೆ. ನಂಜಕ್ಕ ತಮ್ಮ ಕೈಗಳನ್ನು ನನ್ನ ಕೈಗಳ ಮೇಲೆ ಹಗುರಾಗಿ ಇಟ್ಟರು. ಕಾಲಿಲ್ಲದ ಸೂಜಿಯ ಕೆಳಗೆ ನಾನು ಒಮ್ಮೆಯೂ ಬಟ್ಟೆ ತಿರುಗಿಸಿದವಳಲ್ಲ. ಅದು ಅವರಿಗೂ ಗೊತ್ತು. ನಿಧಾನವಾಗಿ ತುಳಿದರು. ಒಂದು ಎಸಳು ಮುಗಿಯಿತು, ಇನ್ನೊಂದು ಮುಗಿಯಿತು. ಎಲೆಯ ತಿರುವಿನಲ್ಲಿ ನಾನು ಸರಕ್ಕನೆ ಎಳೆದಾಗ ಅವರ ಬೆರಳೊಂದು ಜಾರಿತು. ಸೂಜಿ ಉಗುರಿನ ಅಂಚಿನಲ್ಲಿ ಇಳಿದು ಮೇಲೆದ್ದಿತು. ನಂಜಕ್ಕನ ಮೂಗಿನಿಂದ ಸಣ್ಣ ಉಸಿರೊಂದು ಬಂತೇ ಹೊರತು ತುಳಿಯುವುದು ನಿಲ್ಲಲಿಲ್ಲ. ನೀಲಿ ಚುಕ್ಕಿಗಳ ಪಕ್ಕ ಕೆಂಪು ಚುಕ್ಕಿಯೊಂದು ಬಿತ್ತು. ಅವರು ಅದರ ಮೇಲೆ ಅಂಗೈ ಮುಚ್ಚಿದರು.

ಕಾಳೇಗೌಡರು ಬಗ್ಗಿ ಹೂವನ್ನು ನೋಡಿದರು. ನನ್ನ ಕೈಗಳನ್ನೂ ನೋಡಿದರು. "ಚೆನ್ನಾಗಿ ಬಂದದೆ" ಎಂದು ಹೇಳಿ ಹೊರಟುಹೋದರು.

ನಾನು ಅತ್ತುಬಿಟ್ಟೆ. ನಂಜಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ, "ಸೂಜಿಗೆ ನಂಗೆ ಭಯ ಇಲ್ಲ ಕಣೇ. ಇನ್ನೊಬ್ರ ಮನೆ ಮೂಲೇಲಿ ಕೂತು, ಊಟಕ್ಕೆ ಯಾವಾಗ ಕರೀತಾರೋ ಅಂತ ಕಿವಿ ಕೊಟ್ಕಂಡಿರೋದದೆಯಲ್ಲ, ಅದು ಭಯ" ಎಂದರು.

ಆಮೇಲಿನ ಹೂವುಗಳನ್ನೆಲ್ಲ ನಾವು ಹಾಗೆಯೇ ಹೊಲಿದೆವು, ಅವರ ಕಾಲು, ನನ್ನ ಕೈ. ಭಯ ಹೋಗಲಿಲ್ಲ, ಆದರೆ ಕೆಲಸ ನಡೆಯಿತು. ಅಷ್ಟರಲ್ಲಿ ನನ್ನ ಯಜಮಾನರಿಗೆ ಬಾಳೆಲೆ ಎಂಬ ಊರಿನ ಶಾಲೆಗೆ ವರ್ಗವಾಯಿತು. ಹೇಳಿದಾಗ ನಂಜಕ್ಕ ಮಿಷನ್ನಿಗೆ ಎಣ್ಣೆ ಬಿಡುತ್ತ ಕೂತರು. ಎಣ್ಣೆ ತೂತಿನ ಪಕ್ಕದಲ್ಲಿ ಹರಿದುಹೋಗುತ್ತಿತ್ತು. ನಾನು ಒರೆಸಿದೆ.

ನಾವು ಹೊರಟ ದಿನ ಕಾಳೇಗೌಡರು ಊರಿಗೆ ಬಂದಿದ್ದರು. ಅತ್ತಿಗೆಯ ಜೊತೆಯಲ್ಲೇ ಬಸ್ಸಿನವರೆಗೂ ಬಂದರು. ರಸ್ತೆಯಲ್ಲಿ ಎರಡು ಬಸ್ಸು ನಿಂತಿದ್ದವು, ಮಡಿಕೇರಿಗೆ ಹೋಗುವ ನಮ್ಮದು ಮತ್ತು ಮೈಸೂರಿನದು. ನಾನು ಕಿಟಕಿಯ ಪಕ್ಕ ಕೂತೆ. ಡ್ರೈವರ್ ಬಸ್ಸು ಶುರು ಮಾಡಿದ. ನಂಜಕ್ಕ ಸೆರಗು ಸರಿಮಾಡಿಕೊಂಡು, ಬಾಯ್ತುಂಬ ನಗುತ್ತ, ಮೈಸೂರು ಬಸ್ಸಿಗೆ ಕೈ ಬೀಸತೊಡಗಿದರು.

ಕೂಗಿ ಕರೆದರೆ ಗುಟ್ಟು ರಟ್ಟಾದೀತೆಂದು ಕಿಟಕಿಯ ಸರಳು ಹಿಡಿದು ಕೂತೆ. ಕಾಳೇಗೌಡರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅತ್ತಿಗೆಯ ಹೆಗಲು ಹಿಡಿದು, ಮೆಲ್ಲಗೆ ನಮ್ಮ ಬಸ್ಸಿನ ಕಡೆಗೆ ತಿರುಗಿಸಿದರು. ನಂಜಕ್ಕನ ನಗು ನಿಂತುಹೋಯಿತು. ಎತ್ತಿದ ಕೈ ಮಾತ್ರ ಹಾಗೇ ಇತ್ತು.