ಸೋಸುವ ಬಟ್ಟೆಗೆ ನಾನು ಮಾಡಿದ ತೂತು

ನಾನು ಚಿಕ್ಕವನಿದ್ದಾಗ ಒಳ್ಳೆಯ ಹುಡುಗನಾಗಿದ್ದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ, ಮಕ್ಕಳೇ. ಹೇಳಿದವನು ನಾನೇ ಇರಬೇಕು. ಅತನೂರ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮದು ಗೌಡರ ಮನೆ. ಆ ಮನೆಯಲ್ಲಿ ಜೋಳಕ್ಕಿಂತ ಹೆಚ್ಚಾಗಿ ಇದ್ದದ್ದು ಸೊಕ್ಕು.

ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಬಿಸಿಲಿನಿಂದ ಕೆಳಗಿಳಿದರೆ ಪಾಚಿಯ ವಾಸನೆ, ಪಾದಕ್ಕೆ ತಣ್ಣನೆಯ ಕಲ್ಲು. ಎಲ್ಲರೂ ಮೊಣಕಾಲಿನವರೆಗೆ ನೀರಿಗಿಳಿದು ಕೊಡ ಮುಳುಗಿಸುತ್ತಿದ್ದರು. ಆಗ ನಮ್ಮ ಕಡೆ ನಾರು ಹುಣ್ಣು ಎಂಬ ರೋಗವಿತ್ತು. ಕಾಲಿನ ಮೇಲೆ ಬೊಕ್ಕೆ ಎದ್ದು ಒಡೆದು, ದಾರದಂಥ ಉದ್ದನೆಯ ಹುಳು ಹೊರಬರುತ್ತಿತ್ತು. ಆ ಕಾಲು ಬಾವಿಗಿಳಿದರೆ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ಆ ನೀರು ಕುಡಿದವರ ಮೈಯಿಂದ ಒಂದು ವರ್ಷಕ್ಕೆ ಮತ್ತೊಂದು ಹುಳು. ಇದನ್ನೆಲ್ಲ ನಮಗೆ ತಿಳಿಸಿದವರು ಪಕ್ಕದ ಊರಿನಿಂದ ನಡೆದು ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ. ಕುಡಿಯುವ ನೀರು ಸೋಸಲು ಅವರು ಮನೆಮನೆಗೆ ನವಿರಾದ ಬಟ್ಟೆ ಕೊಡುತ್ತಿದ್ದರು. ಹಿಟ್ಟು ಜರಡಿ ಹಿಡಿಯುವ ಸಾಣಿಗಿಯ ನೆನಪಿನಲ್ಲಿ ನಾವು ಹುಡುಗರು ಅವರಿಗೆ ‘ಸಾಣಿಗಿ ಬಾಯಿ’, ಎಂದರೆ ಸಾಣಿಗಿಯಮ್ಮ, ಎಂದು ಹೆಸರಿಟ್ಟಿದ್ದೆವು.

ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತು, ಅವರನ್ನು ಬಿಸಿಲಿನಲ್ಲೇ ನಿಲ್ಲಿಸಿದ.

“ನಮಗ ನೀರು ಸೋಸೋದು ಕಲಿಸಾಕ ಬಂದೀಯೇನಬೇ? ನಮ್ಮ ಮನ್ಯಾಗ ಲಿಂಗಪೂಜಿಗೆ ದಿನಾ ಸೋಸಿದ ನೀರ ತಗೋತೇವಿ.”

“ಲಿಂಗಕ್ಕ ಸೋಸ್ತೀರಿ, ಖರೇರಿ ಗೌಡ್ರ. ಕುಡಿಯೋ ನೀರ್ರಿ?”

ಅಪ್ಪ ಮುಖ ತಿರುಗಿಸಿಕೊಂಡ. ಪೂಜೆಯ ತಂಬಿಗೆಗೆ ಸೋಸುತ್ತಿದ್ದೆವು, ನಮ್ಮ ಗಂಟಲಿಗೆ ಬಾವಿಯ ನೀರನ್ನು ಹಾಗೇ ಸುರಿದುಕೊಳ್ಳುತ್ತಿದ್ದೆವು. ಅದನ್ನೇ ಮಡಿ ಎಂದು ಮೆರೆಯುತ್ತಿದ್ದೆವು! ಅಕ್ಕ ಮಾತ್ರ ಬಟ್ಟೆ ಇಸಿದುಕೊಂಡು ಕುಡಿಯುವ ನೀರಿನ ಹರವಿಯ ಬಾಯಿಗೆ ಕಟ್ಟಿದಳು. ಮರುವರ್ಷ ಅವಳು ಏಳನೆಯ ಇಯತ್ತೆಯ ಪರೀಕ್ಷೆಗೆ ಕೂರಬೇಕಿತ್ತು. ಪಾಸಾದರೆ ಜೇವರ್ಗಿಯ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದುವ ಆಸೆ. ನಾರು ಹುಣ್ಣಾದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ನಾನು ಆ ಬಟ್ಟೆಯನ್ನು ಬಿಚ್ಚಿಕೊಂಡು ಬಾವಿಗೆ ಓಡಿದೆ. ಮೀನಿನ ಮರಿ ಹಿಡಿಯಲು ಅಂಥ ಬಟ್ಟೆ ಬೇರೆಲ್ಲಿ ಸಿಗಬೇಕು? ಕಲ್ಲಿನ ಮೂಲೆಗೆ ಸಿಕ್ಕಿ ಅದು ಹೆಬ್ಬೆರಳು ತೂರುವಷ್ಟು ಹರಿಯಿತು. ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ, ತೂತು ಗೋಡೆಯ ಕಡೆ ಬರುವಂತೆ ಹರವಿಗೆ ಮತ್ತೆ ಕಟ್ಟಿಟ್ಟೆ. ಅಂದಿನಿಂದ ಅದನ್ನು ಒಗೆದು ಕಟ್ಟುವ ಕೆಲಸವನ್ನೂ ನಾನೇ ವಹಿಸಿಕೊಂಡೆ.

ವಾರದ ನಂತರ ಆ ಬಾಯಿಯವರು ಬಂದು ಹೊಸ್ತಿಲಾಚೆಯಿಂದಲೇ ಕೇಳಿದರು.

“ಬಟ್ಟಿ ಹರದೈತೇನ ತಮ್ಮಾ? ಹರದಿದ್ರ ಹೇಳು, ಬ್ಯಾರೆ ಕೊಡ್ತೇನಿ.”

“ಗೌಡರ ಮನ್ಯಾಗ ಬಟ್ಟಿಗೇನೂ ಕಡಿಮಿಲ್ಲ. ನಡೀಬೇ ಸಾಣಿಗಿ ಬಾಯಿ!”

ಅಪ್ಪ ಹೊಟ್ಟೆ ಹಿಡಿದು ನಕ್ಕ. ನನ್ನ ಮಾತಿಗೆ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು. ನನಗೆ ಬೆಲ್ಲ ತಿಂದಷ್ಟು ಖುಷಿಯಾಯಿತು. ಥೂ!

ಮರುವರ್ಷ ಪರೀಕ್ಷೆಗೆ ಹದಿನೈದು ದಿನ ಇರುವಾಗ ಅಕ್ಕನ ಕಾಲಿನ ಗಿಣ್ಣಿನ ಮೇಲೆ ಬೊಕ್ಕೆ ಎದ್ದಿತು. ಅದೇ ಬಾಯಿಯವರು ದಿನವೂ ಬಂದು, ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ಇಷ್ಟಿಷ್ಟೇ ಹೊರತೆಗೆಯುತ್ತಿದ್ದರು. ಅಕ್ಕ ಲಂಗದ ಅಂಚು ಕಚ್ಚಿಕೊಂಡು ಕೂರುತ್ತಿದ್ದಳು. ಒಂದು ದಿನ ಅಪ್ಪ ಓಣಿಯವರನ್ನೆಲ್ಲ ಅಂಗಳಕ್ಕೆ ಕರೆದ.

“ನೋಡ್ರಲೇ! ಈಕಿ ಕೊಟ್ಟ ಬಟ್ಟಿ ಕಟ್ಟಿದ ಮನೀಗೇ ನಾರು ಬಂತು. ಈಕಿ ಹೇಳೋದೆಲ್ಲಾ ಬರೇ ಸುಳ್ಳ!”

ಅವರು ತಲೆಯೆತ್ತಲಿಲ್ಲ. ಹುಳು ತುಂಡಾದೀತೆಂದು ಕಡ್ಡಿಯನ್ನು ಅಲುಗದಂತೆ ಹಿಡಿದೇ ಇದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು ಸಾಕಿತ್ತು, ಆಡಲಿಲ್ಲ. ಸಂಜೆಯೊಳಗೆ ಓಣಿಯ ಎಷ್ಟೋ ಮನೆಯವರು ಹರವಿಯ ಬಟ್ಟೆ ಬಿಚ್ಚಿ ಎಸೆದರು. ಅವರಲ್ಲಿ ಎಷ್ಟು ಜನರಿಗೆ ಮುಂದೆ ನಾರು ಬಂತೋ, ಕೇಳುವ ಧೈರ್ಯ ನನಗೆ ಎಂದೂ ಆಗಲಿಲ್ಲ.

ಅಕ್ಕ ಪರೀಕ್ಷೆಗೆ ಕೂರಲಿಲ್ಲ. ಹುಣ್ಣು ಮಾಯುವಷ್ಟರಲ್ಲಿ ಗಿಣ್ಣು ಸೆಟೆದು ಹೋಗಿತ್ತು. ಜೇವರ್ಗಿಯ ಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದವನು ನಾನು.

ನೀವು ಆ ಹುಳುವನ್ನು ಕಂಡಿಲ್ಲ, ಕಾಣುವುದೂ ಬೇಡ. ಬೈಸಿಕೊಂಡ ಬಾಗಿಲಿಗೇ ಮತ್ತೆ ಮತ್ತೆ ಹೋದವರು ಅದನ್ನು ನಮ್ಮ ಕಡೆಯಿಂದ ಓಡಿಸಿದರು. ನಿಮ್ಮ ಅಡುಗೆಮನೆಯ ಗೋಡೆಯ ಮೇಲೆ ನೀರು ಶುದ್ಧ ಮಾಡುವ ಮಷೀನು ಇದೆ, ಗುಂಡಿ ಒತ್ತಿದರೆ ಸಾಕು. ಆದರೆ ಮೊನ್ನೆ, ತುಂಬಿಟ್ಟ ನೀರಿನಲ್ಲಿ ಡೆಂಗಿ ಸೊಳ್ಳೆಯ ಮರಿಗಳಿವೆಯೇ ಎಂದು ನೋಡಲು ಆಶಾ ಕಾರ್ಯಕರ್ತೆ ಗೇಟಿಗೆ ಬಂದಾಗ, “ಅಜ್ಜಾ, ಬಕೇಟು ನೋಡಾಕಿ ಬಂದಾಳ! ಮನ್ಯಾಗ ಯಾರೂ ಇಲ್ಲಂತ ಹೇಳ್ಲೇನು?” ಎಂದು ನಿಮ್ಮಲ್ಲೊಬ್ಬ ಅವರ ಎದುರಿಗೇ ಕೂಗಿದ. ಉಳಿದವರು ನಕ್ಕಿರಿ. ನಾನೂ ನಕ್ಕೆ. ಈ ವಯಸ್ಸಿನಲ್ಲೂ ನಕ್ಕೆ! ಅವರು ಮುಂದಿನ ಮನೆಗೆ ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಆ ಬಾಯಿಯವರು ಈಗಿಲ್ಲ. ಅಕ್ಕ ಇದ್ದಾಳೆ, ನೀವು ಕುಂಟಜ್ಜಿ ಎಂದು ಕರೆಯುವವಳು. ಬಟ್ಟೆ ಹರಿದವನು ನಾನೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಸೋಮವಾರ ಅವಳ ಮನೆಗೆ ಹೋಗುತ್ತೇನೆ, ನೀವೂ ಬನ್ನಿ. ನನ್ನ ಪಕ್ಕದಲ್ಲೇ ಕುಳಿತಿರಿ. ನಾನು ಮಳೆಬೆಳೆಯ ಮಾತೆತ್ತಿ ಜಾರಿಕೊಳ್ಳಲು ನೋಡಿದರೆ ಬಿಡಬೇಡಿ.